ಅಂಚಿಗೆ ಅಂಟಿಕೊಂಡು ಹೋಗು ಅಂತ ಮಗನಿಗೆ ಹೇಳಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಾಚಕರ ವಿಭಾಗದಲ್ಲಿ ನಮ್ಮ ಪುಣೆಯಿಂದಲೇ ಒಬ್ಬ ತಾಯಿ ಬರೆದ ಪತ್ರ ಓದಿದೆ. ಮಗ ಕಾಲೇಜಿಗೆ ಸೈಕಲ್ ಮೇಲೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ, ಗಿಯರ್ ಸೈಕಲ್ಲೇ ಬೇಕಂತೆ, ಬೇಡ ಅಂದರೆ ಮುಖ ಸಣ್ಣದು ಮಾಡುತ್ತಾನೆ, ಹೂಂ ಅಂದರೆ ತನಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಬರೆದಿದ್ದರು. ಕೊನೆಗೆ "ರಸ್ತೆಯ ಅಂಚು ಬಿಟ್ಟು ಬರಬೇಡ, ನಿಧಾನ ಹೋಗು" ಅಂತ ಆಣೆ ಹಾಕಿಸಿಕೊಂಡು ಒಪ್ಪಿದ್ದಾರೆ. ಓದಿದ ಮೇಲೆ ಎರಡು ದಿನ ನನಗೂ ಸಮಾಧಾನ ಆಗಲಿಲ್ಲ. ಆ ತಾಯಿಯ ಭಯ ನಿಜ. ಆದರೆ ಅವರು ಹೇಳಿಕೊಟ್ಟ ಎರಡು ಮಾತಿನಲ್ಲಿ ಮೊದಲನೆಯದು ತಪ್ಪು, ಎರಡನೆಯದು ಅರ್ಧ ತಪ್ಪು. ಸುಮ್ನೆ ಕೂರಲಾಗದೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ದಯವಿಟ್ಟು ಕತ್ತರಿಸಬೇಡಿ.

ನಾನು ಜಮಖಂಡಿ ಕಡೆಯವನು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸೈಕಲ್ ಪಟುಗಳ ಬಗ್ಗೆ ನಿಮ್ಮ ಓದುಗರಿಗೆ ಗೊತ್ತೇ ಇರುತ್ತದೆ. ರಾಷ್ಟ್ರ ಮಟ್ಟದಲ್ಲಿ ಪದಕ ಗೆದ್ದ ಎಷ್ಟೋ ಹುಡುಗ ಹುಡುಗಿಯರು ಅಲ್ಲಿಯ ಹಳ್ಳಿಗಳವರು, ಕಬ್ಬಿನ ಟ್ರ್ಯಾಕ್ಟರ್, ಲಾರಿ, ಎಮ್ಮೆ ಎಲ್ಲದರ ನಡುವೆಯೇ ತುಳಿದು ಬೆಳೆದವರು. ನಾನು ರೇಸಿಗೆ ಇಳಿದವನಲ್ಲ. ಒಳಪೆಡಲ್ ಹೊಡೆದು ಕಲಿತೆ, ಶಾಲೆಗೆ ಹೋದೆ, ಅಷ್ಟೇ. ಪುಣೆಗೆ ಬಂದ ಮೇಲೆ ಸಹಕಾರನಗರದಲ್ಲಿ ಮನೆ, ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಒಂದು ಕಡೆಗೆ ಸುಮಾರು 17 ಕಿಲೋಮೀಟರ್. ಸ್ವಾರಗೇಟ್, ಶಿವಾಜಿನಗರ, ಖಡಕಿ, ಹ್ಯಾರಿಸ್ ಸೇತುವೆ, ದಾಪೋಡಿ, ನಾಶಿಕ್ ಫಾಟಾ, ಹೀಗೆ ದಾರಿ. ವರ್ಷಗಳಿಂದ ಇದೇ ದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದೇನೆ.

ಮೊದಮೊದಲು ನಾನೂ ಅಂಚಿನಲ್ಲೇ ಹೋಗುತ್ತಿದ್ದೆ. ಹಿಂದಿನಿಂದ ಹಾರ್ನ್ ಬಂದರೆ ಇನ್ನೂ ಎಡಕ್ಕೆ. ರಿಕ್ಷಾದವರು "ಕಡೇನೇ ಚಾಲವ್ ನಾ!", ಅಂದರೆ ಅಂಚಿನಲ್ಲಿ ಓಡಿಸು ಅಂತ, ಮರಾಠಿಯಲ್ಲಿ ಕೂಗಿದರೆ ಇನ್ನೂ ಎಡಕ್ಕೆ. ಒಂದು ಬೆಳಗ್ಗೆ ಶಿವಾಜಿನಗರದ ಹತ್ತಿರ, ಎಡಗಡೆ ಸಾಲಾಗಿ ನಿಂತ ಕಾರುಗಳ ಪಕ್ಕ ಒಂದು ಗೇಣು ಜಾಗ ಬಿಟ್ಟು ಹೋಗುತ್ತಿದ್ದೆ. ಒಂದು ಕಾರಿನ ಬಾಗಿಲು ಥಟ್ಟನೆ ತೆರೆಯಿತು. ಬ್ರೇಕ್ ಹಿಡಿಯುವುದಿರಲಿ, ಅಯ್ಯೋ ಅನ್ನಲೂ ಸಮಯ ಸಿಗಲಿಲ್ಲ. ಹ್ಯಾಂಡಲ್ ಬಾಗಿಲಿಗೆ ಸಿಕ್ಕಿ ನಾನು ಬಲಕ್ಕೆ, ಅಂದರೆ ಓಡುವ ಗಾಡಿಗಳ ಕಡೆಗೆ ಬಿದ್ದೆ. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್ ನಿಲ್ಲಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಕಾಲರ್ ಬೋನ್ ಮುರಿದಿತ್ತು. 6 ವಾರ ಕೈ ಕುತ್ತಿಗೆಗೆ ಕಟ್ಟಿಕೊಂಡು ಮನೆಯಲ್ಲಿ ಕೂತೆ. ಆ 6 ವಾರದಲ್ಲಿ ಸೈಕಲ್ ಬಗ್ಗೆ ಓದಿದ್ದು, ಗೆಳೆಯರಿಂದ ಕೇಳಿದ್ದು, ಆಮೇಲೆ ರಸ್ತೆಯಲ್ಲಿ ಮಾಡಿ ನೋಡಿದ್ದು, ಇಷ್ಟೇ ನನ್ನ ಬಂಡವಾಳ.

ಅಂಚು ಯಾಕೆ ಅಪಾಯ ಅಂತ ಮೊದಲು ಹೇಳುತ್ತೇನೆ. ರಸ್ತೆಯ ಕೆಟ್ಟದ್ದೆಲ್ಲ ಬಂದು ಸೇರುವುದು ಅಲ್ಲೇ. ಗಾಜಿನ ಚೂರು, ಮೊಳೆ, ಜಲ್ಲಿ, ಮಣ್ಣು, ಚರಂಡಿಯ ಜಾಲರಿ, ಎತ್ತರ ತಗ್ಗಾದ ಮ್ಯಾನ್‌ಹೋಲ್ ಮುಚ್ಚಳ. ಜಾಲರಿಯ ಕಂಬಿಗಳು ನಾವು ಹೋಗುವ ದಿಕ್ಕಿಗೇ ಉದ್ದಕ್ಕೆ ಇದ್ದರೆ ತೆಳು ಟಯರ್ ಸೀದಾ ಒಳಗೆ ಇಳಿಯುತ್ತದೆ. ಗುಂಡಿ ಬಂದರೆ ಎಡಕ್ಕೆ ತಪ್ಪಿಸಿಕೊಳ್ಳಲು ಜಾಗ ಇಲ್ಲ, ಬಲಕ್ಕೆ ಸರಕ್ಕನೆ ಸರಿಯಬೇಕು. ಹಿಂದಿನವನಿಗೆ ಅದು ಗೊತ್ತಿರುವುದಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದು ಇದೆ. ಅಂಚಿನಲ್ಲಿ ಇರುವವನು ಡ್ರೈವರ್ ಕಣ್ಣಿಗೆ ಬೀಳುವುದೇ ಇಲ್ಲ. ಕಣ್ಣಿಗೆ ಬಿದ್ದರೂ "ಇದೇ ಲೇನಿನಲ್ಲಿ ಇವನ ಪಕ್ಕದಿಂದ ತೂರಿ ಹೋಗಬಹುದು" ಅಂತ ಅವನಿಗೆ ಅನ್ನಿಸುತ್ತದೆ. ನೀವೇ ಒತ್ತಿಕೊಂಡು ಜಾಗ ಮಾಡಿಕೊಟ್ಟಿದ್ದೀರಿ ಅಲ್ವಾ? ಅದಕ್ಕೇ ಅವನು ಭುಜಕ್ಕೆ ಕನ್ನಡಿ ತಾಗುವಷ್ಟು ಹತ್ತಿರ ಬರುತ್ತಾನೆ. ಅಂಚಿನಿಂದ ಒಂದು ಮೀಟರ್ ಒಳಗೆ ಬನ್ನಿ. ಹಿಂದಿನವನು ನಿಮ್ಮನ್ನು ದಾಟಬೇಕೆಂದರೆ ಸ್ಟಿಯರಿಂಗ್ ತಿರುಗಿಸಬೇಕಾಗುತ್ತದೆ. ತಿರುಗಿಸಬೇಕಾದವನು ನೋಡುತ್ತಾನೆ. ಹಾರ್ನ್ ಹೊಡೆಯಬಹುದು, ಬೈಯಬಹುದು, ಹೊಡೆಯಲಿ. ಹಾರ್ನ್ ಹೊಡೆದವನು ನಿಮ್ಮನ್ನು ನೋಡಿದ್ದಾನೆ. ನನಗೆ ಭಯ ನೋಡದೇ ಬರುವವನದು.

ಇದು ನನ್ನ ಸ್ವಂತ ಕಲ್ಪನೆಯಲ್ಲ. ನಮ್ಮ ಹಾಗೆಯೇ ಎಡಗಡೆ ಗಾಡಿ ಓಡಿಸುವ ದೇಶ ಬ್ರಿಟನ್. ಅಲ್ಲಿಯ ರಸ್ತೆ ನಿಯಮಗಳ ಪುಸ್ತಕ, ಹೈವೇ ಕೋಡ್, 2022ರ ಜನವರಿಯಲ್ಲಿ ಬದಲಾಯಿತು. ಖಾಲಿ ರಸ್ತೆಯಲ್ಲಿ, ನಿಧಾನವಾಗಿ ಹೋಗುವ ಗಾಡಿಗಳ ನಡುವೆ, ಕೂಡುರಸ್ತೆ ಹತ್ತಿರ ಬಂದಾಗ ಸೈಕಲ್‌ನವರು ತಮ್ಮ ಲೇನಿನ ಮಧ್ಯದಲ್ಲೇ ಹೋಗಬಹುದು ಎಂದು ಅದರಲ್ಲಿ ಬರೆದಿದೆ. ಗಾಡಿಗಳು ಜೋರಾಗಿ ಓಡುವ ರಸ್ತೆಯಲ್ಲೂ ಅಂಚಿನಿಂದ ಕನಿಷ್ಠ ಅರ್ಧ ಮೀಟರ್ ಬಿಡಬೇಕು. ನಿಂತ ಕಾರುಗಳ ಪಕ್ಕ ಹೋಗುವಾಗ ಒಂದು ಮೀಟರ್, ಅಂದರೆ ಬಾಗಿಲಿನ ಅಗಲದಷ್ಟು ಬಿಡಬೇಕು. ಸೈಕಲ್ ದಾಟುವ ಕಾರಿನವರು ಕನಿಷ್ಠ ಒಂದೂವರೆ ಮೀಟರ್ ಜಾಗ ಬಿಡಬೇಕು. ನನ್ನ ಕಾಲರ್ ಬೋನ್ ಮುರಿದ ದಿನ ನಾನು ಬಿಟ್ಟಿದ್ದು ಒಂದು ಗೇಣು.

ಈಗ "ನಿಧಾನ ಹೋಗು" ಎಂಬ ಮಾತಿಗೆ ಬರುತ್ತೇನೆ. ತಾಯಿಯ ಬಾಯಲ್ಲಿ ಅದು ಸಹಜ. ಆದರೆ ಒಂದು ಲೆಕ್ಕ ನೋಡಿ. ಹಿಂದಿನಿಂದ ಕಾರು 40 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. ನೀವು 12ರಲ್ಲಿ ಹೋಗುತ್ತಿದ್ದರೆ ಅದು ನಿಮ್ಮನ್ನು 28ರ ವೇಗದಲ್ಲಿ ಹಿಡಿಯುತ್ತದೆ. 50 ಮೀಟರ್ ದೂರದಿಂದ ಅವನು ನೋಡಿದ ಎಂದುಕೊಳ್ಳಿ, ಯೋಚನೆ ಮಾಡಲು ಅವನಿಗೆ ಸಿಗುವುದು 6 ಸೆಕೆಂಡು ಚಿಲ್ಲರೆ. ನೀವು 25ರಲ್ಲಿ ಇದ್ದರೆ ಅದೇ 50 ಮೀಟರಿಗೆ 12 ಸೆಕೆಂಡು ಸಿಗುತ್ತದೆ. ಎರಡು ಪಟ್ಟು. ಊರೊಳಗೆ, ಬಾಜೀರಾವ್ ರಸ್ತೆಯಂಥ ಕಡೆ ಆಫೀಸಿನ ಹೊತ್ತಿನಲ್ಲಿ ಕಾರುಗಳೇ 20 ದಾಟುವುದು ಕಷ್ಟ. ಅಲ್ಲಿ ಸೈಕಲ್ ಎಲ್ಲರ ಜೊತೆ ಸಮಸಮ ಹೋದರೆ ಯಾರಿಗೂ ಯಾರನ್ನೂ ದಾಟುವ ಅವಸರ ಇರುವುದಿಲ್ಲ. ಆದ್ದರಿಂದ ಹುಡುಗನಿಗೆ ಸ್ವಲ್ಪ ಕಾಲಿನ ಬಲ ಇರಲಿ, ಸೈಕಲ್ ಸಲೀಸಾಗಿ ಓಡುವಂತಿರಲಿ. ಅದೂ ಸುರಕ್ಷತೆಯ ಭಾಗವೇ.

ಆದರೆ ವೇಗ ಎಂದರೆ ಏನು ಅನ್ನುವುದನ್ನು ಸರಿಯಾಗಿ ತಿಳಿಯಬೇಕು. ಹೊಸ ಹುಡುಗರು ಮೀಟರಿನಲ್ಲಿ 40 ಕಾಣಿಸಿದರೆ ವೇಗ ಅನ್ನುತ್ತಾರೆ. ನನ್ನ 17 ಕಿಲೋಮೀಟರ್ ದಾರಿಯನ್ನು ಎಲ್ಲೂ ನಿಲ್ಲದೆ 24ರಲ್ಲಿ ಹೋದರೆ ಸುಮಾರು 42 ನಿಮಿಷ, 30ರಲ್ಲಿ ಹೋದರೆ 34 ನಿಮಿಷ. ಉಳಿಯುವುದು 8 ನಿಮಿಷ. ಆದರೆ ಗಾಳಿಯ ಎದುರು ತುಳಿಯಲು ಬೇಕಾದ ಶಕ್ತಿ ವೇಗದ ಜೊತೆ ಸುಮ್ನೆ ಏರುವುದಿಲ್ಲ, ವೇಗವನ್ನು ವೇಗದಿಂದಲೇ ಎರಡು ಸಲ ಗುಣಿಸಿದ ಲೆಕ್ಕದಲ್ಲಿ (ವೇಗ × ವೇಗ × ವೇಗ) ಏರುತ್ತದೆ. 24ರಿಂದ 30ಕ್ಕೆ ಹೋದರೆ ಗಾಳಿಗೆ ಕೊಡುವ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟು. ಬೆವರು ಎರಡು ಪಟ್ಟು, ಏದುಸಿರು ಎರಡು ಪಟ್ಟು, ಏದುಸಿರು ಬಿಡುವವನ ಕಣ್ಣು ರಸ್ತೆ ಮೇಲೆ ನಿಲ್ಲುವುದಿಲ್ಲ. ಮುಂದಿನ ಸಿಗ್ನಲ್ ಕೆಂಪಾದರೆ ಆ 8 ನಿಮಿಷವೂ ಹೋಯಿತು. ಪುಣೆಯಲ್ಲಿ ಬ್ರೆವೆ ಎಂಬ ದೂರದ ಸವಾರಿ ಮಾಡುವವರು ತುಂಬ ಜನ ಇದ್ದಾರೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, 600ನ್ನು 40 ಗಂಟೆಯೊಳಗೆ. ಲೆಕ್ಕ ಹಾಕಿದರೆ ಸರಾಸರಿ 15 ಮಾತ್ರ. ಅಷ್ಟನ್ನೂ ಮುಟ್ಟಲಾಗದೆ ಎಷ್ಟೋ ಗಟ್ಟಿ ಹುಡುಗರು ಸೋಲುತ್ತಾರೆ. ಅವರು ಸೋಲುವುದು ಕಾಲಿನ ಬಲ ಇಲ್ಲದೆ ಅಲ್ಲ. ಮೊದಲು ಜೋರಾಗಿ ಹೊಡೆದು, ಆಮೇಲೆ ಅಲ್ಲಲ್ಲಿ ನಿಂತು. ಊರೊಳಗೂ ಅಷ್ಟೇ. ಮುಂದಿನ ಮೂರು ಗಾಡಿಗಳಾಚೆ ನೋಡುತ್ತಾ, ಸಿಗ್ನಲ್ ಕೆಂಪು ಕಂಡ ಕೂಡಲೇ ತುಳಿಯುವುದು ಬಿಟ್ಟು ಉರುಳುತ್ತಾ, ನಿಲ್ಲುವ ಮೊದಲೇ ಗಿಯರ್ ಹಗುರ ಮಾಡಿಕೊಂಡು, ಹಸಿರು ಆದಾಗ ಒದ್ದಾಡದೆ ಹೊರಡುವವನು ಬೇಗ ಮುಟ್ಟುತ್ತಾನೆ.

ಹಗುರ ಗಿಯರಿನಲ್ಲಿ ಕಾಲು ಬೇಗ ಬೇಗ ತಿರುಗಿಸುವುದು ಕಲಿಯಲಿ, ನಿಮಿಷಕ್ಕೆ 80 ಸುತ್ತು. ಭಾರದ ಗಿಯರಿನಲ್ಲಿ ನಿಧಾನ ಒತ್ತಿ ತುಳಿದರೆ ಮೊಣಕಾಲು ಹೋಗುತ್ತದೆ, ಬೇಕಾದಾಗ ತಕ್ಷಣ ವೇಗ ಕೂಡಿಸಲೂ ಆಗುವುದಿಲ್ಲ. ಸೀಟು ಎಷ್ಟು ಎತ್ತರ? ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲೆ ಇಟ್ಟಾಗ ಕಾಲು ನೆಟ್ಟಗಾಗಬೇಕು. ಟಯರಿಗೆ ವಾರಕ್ಕೊಮ್ಮೆ ಗಾಳಿ, ಚೈನಿಗೆ ಎಣ್ಣೆ. ಇಷ್ಟು ಮಾಡಿದರೆ ಒಂದಿಷ್ಟು ವೇಗ ಪುಕ್ಕಟೆ ಬರುತ್ತದೆ.

ಬ್ರೇಕ್ ಬಗ್ಗೆ ನಾನು ಜಾಸ್ತಿ ಹೇಳಲೇಬೇಕು. ನಮ್ಮಲ್ಲಿ ಸಣ್ಣವರಿದ್ದಾಗಲೇ ಯಾರೋ ಹೆದರಿಸಿಬಿಡುತ್ತಾರೆ, ಮುಂದಿನ ಬ್ರೇಕ್ ಹಿಡಿಯಬೇಡ, ಪಲ್ಟಿ ಹೊಡೆಯುತ್ತೀಯ ಅಂತ. ಹಾಗಾಗಿ ಜನ್ಮವಿಡೀ ಹಿಂದಿನದನ್ನೇ ಹಿಡಿಯುತ್ತೇವೆ. ಸೈಕಲ್ ನಿಲ್ಲಿಸುವಾಗ ಮೈಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗಿ ಬರೀ ಜಾರುತ್ತದೆ. ನಿಲ್ಲಿಸುವ ಕೆಲಸ ಮುಂದಿನದ್ದು. 25ರ ವೇಗದಲ್ಲಿ, ಒಣ ರಸ್ತೆಯಲ್ಲಿ, ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ 7 ಮೀಟರ್ ಹೋಗಿರುತ್ತದೆ. ಆಮೇಲೆ ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ ಇನ್ನು 5 ಮೀಟರಿನಲ್ಲಿ ನಿಲ್ಲಬಹುದು. ಹಿಂದಿನದು ಒಂದೇ ಹಿಡಿದರೆ ಆ 5 ಹತ್ತಾಗುತ್ತದೆ. ಪಲ್ಟಿ ಹೊಡೆಯುವುದು ಮುಂದಿನ ಬ್ರೇಕ್ ಹಿಡಿದದ್ದಕ್ಕಲ್ಲ, ಒಮ್ಮೆಲೇ ಹಿಸುಕಿದ್ದಕ್ಕೆ, ಅದೂ ಮೈ ಮುಂದಕ್ಕೆ ಬಿಟ್ಟು. ಕೈ ಹ್ಯಾಂಡಲಿಗೆ ಒತ್ತಿ, ಮೈ ಹಿಂದಕ್ಕೆ ಸರಿಸಿ, ಸೀಟಿನ ಹಿಂದೆ ತೂಗಿದ ಹಾಗೆ, ಮುಂದಿನದನ್ನು ಮೆಲ್ಲಗೆ ಆದರೆ ಗಟ್ಟಿಯಾಗಿ. ಯಾವ ಕೈಗೆ ಯಾವ ಬ್ರೇಕ್ ಅನ್ನುವುದು ಎಲ್ಲ ಸೈಕಲ್ಲಿಗೂ ಒಂದೇ ಅಲ್ಲ, ಹೊಸದು ತಂದ ದಿನವೇ ನೋಡಿಕೊಳ್ಳಿ. ಖಾಲಿ ಮೈದಾನದಲ್ಲಿ ಐವತ್ತು ಸಲ ಮಾಡಿ ನೋಡಲಿ. ನಿಲ್ಲಿಸಲು ಬಾರದವನಿಗೆ ವೇಗ ಕಲಿಸಬಾರದು.

ಮಳೆಗಾಲದಲ್ಲಿ ಈ ಲೆಕ್ಕವೆಲ್ಲ ಬದಲು. ರಿಮ್ ಹಿಡಿಯುವ ಬ್ರೇಕ್ ಇದ್ದರೆ, ರಿಮ್ ಮೇಲಿನ ನೀರು ಒರೆಸಿಹೋಗುವವರೆಗೆ ಬ್ರೇಕ್ ಹತ್ತುವುದೇ ಇಲ್ಲ. ಆದ್ದರಿಂದ ಚೌಕ ಹತ್ತಿರ ಬರುವ ಮೊದಲೇ ಸ್ವಲ್ಪ ಹಿಡಿದು ಒಣಗಿಸಿಕೊಂಡಿರಬೇಕು. ಜೂನ್ ತಿಂಗಳ ಮೊದಲ ಮಳೆ ಎಲ್ಲಕ್ಕಿಂತ ಕೆಟ್ಟದ್ದು, ತಿಂಗಳುಗಟ್ಟಲೆ ಬಿದ್ದ ಎಣ್ಣೆ ಮೇಲೆ ಬಂದಿರುತ್ತದೆ. ಝೀಬ್ರಾ ಪಟ್ಟಿ, ಕಬ್ಬಿಣದ ಮುಚ್ಚಳ, ಸೇತುವೆಯ ಜೋಡಣೆಯ ಕಬ್ಬಿಣದ ಪಟ್ಟಿ, ಇವುಗಳ ಮೇಲೆ ತಿರುಗಬಾರದು, ಬ್ರೇಕ್ ಹಿಡಿಯಬಾರದು, ನೆಟ್ಟಗೆ ದಾಟಬೇಕು. ನೀರು ನಿಂತಲ್ಲಿ ಕೆಳಗೆ ಗುಂಡಿ ಇದೆ ಅಂತಲೇ ತಿಳಿಯಬೇಕು.

ಬಸ್ಸು, ಲಾರಿಯ ವಿಷಯ. ಸಿಗ್ನಲ್ಲಿನಲ್ಲಿ ಬಸ್ಸಿನ ಎಡಕ್ಕೆ, ಫುಟ್‌ಪಾತ್ ನಡುವೆ ಜಾಗ ಕಂಡರೆ ತೂರಿಕೊಂಡು ಮುಂದೆ ಹೋಗುವ ಆಸೆ ಎಲ್ಲರಿಗೂ ಆಗುತ್ತದೆ. ಆ ತಾಯಿ ಮಗನ ಹತ್ತಿರ ಒಂದೇ ಒಂದು ಆಣೆ ಹಾಕಿಸಿಕೊಳ್ಳುವುದಾದರೆ ಇದನ್ನು ಹಾಕಿಸಿಕೊಳ್ಳಲಿ: ದೊಡ್ಡ ಗಾಡಿಯ ಎಡಮಗ್ಗುಲಿಗೆ ಹೋಗುವುದಿಲ್ಲ. ಅಲ್ಲಿ ಇದ್ದವನು ಡ್ರೈವರಿಗೆ ಕಾಣುವುದಿಲ್ಲ. ಉದ್ದ ಗಾಡಿ ಎಡಕ್ಕೆ ತಿರುಗುವಾಗ ಹಿಂದಿನ ಗಾಲಿ ಮುಂದಿನ ಗಾಲಿ ಹೋದ ದಾರಿಯಲ್ಲಿ ಬರುವುದಿಲ್ಲ, ಒಳಕ್ಕೆ, ಫುಟ್‌ಪಾತ್ ಕಡೆಗೆ ಸರಿಯುತ್ತದೆ. ನಡುವೆ ಇದ್ದ ಜಾಗ ಮುಚ್ಚಿಹೋಗುತ್ತದೆ. ಬಸ್ಸಿನ ಹಿಂದೆ ನಿಲ್ಲುವುದೇ ಸರಿ, ಹೊಗೆ ಕುಡಿದರೂ ಪರವಾಗಿಲ್ಲ. ಬಿಆರ್‌ಟಿ, ಅಂದರೆ ಬಸ್ಸಿಗೇ ಮೀಸಲಾದ ದಾರಿ, ಖಾಲಿ ಇದೆ ಅಂತ ಅದರೊಳಗೆ ನುಗ್ಗುವುದೂ ಬೇಡ. ಅಲ್ಲಿ ಬಸ್ಸಿಗೆ ಪಕ್ಕಕ್ಕೆ ಸರಿಯಲು ಜಾಗ ಇರುವುದಿಲ್ಲ.

ಬಲಕ್ಕೆ ಸರಿಯುವ ಮೊದಲು ಹಿಂದೆ ತಿರುಗಿ ನೋಡಬೇಕು, ಆಮೇಲೆ ಕೈ ತೋರಿಸಬೇಕು. ತಲೆ ತಿರುಗಿಸಿದಾಗ ಹ್ಯಾಂಡಲ್ ಕೂಡ ಆ ಕಡೆ ಹೊರಳುತ್ತದೆ, ಅದಾಗದಂತೆ ಅಭ್ಯಾಸ ಬೇಕು. ಹಿಂದಿನವನ ಕಣ್ಣಿಗೆ ಕಣ್ಣು ಸೇರಿದರೆ ಸಾಕು, ಹತ್ತರಲ್ಲಿ ಎಂಟು ಜನ ಜಾಗ ಕೊಡುತ್ತಾರೆ. ಇದು ನನ್ನ ಅನುಭವ. ಪುಣೆಯ ಡ್ರೈವರುಗಳನ್ನು ಬೈಯುವುದು ಸುಲಭ, ಆದರೆ ನಾವು ಏನು ಮಾಡುತ್ತೇವೆ ಅಂತ ಅವರಿಗೆ ಮೊದಲೇ ಗೊತ್ತಾದರೆ ಬಹಳಷ್ಟು ಜನ ಒಳ್ಳೆಯವರೇ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಹೆಲ್ಮೆಟ್ ಹಾಕಲಿ, ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ಟನ್ನು ಎಸೆದು ಹೊಸದು ತರಲಿ.

ಭಾನುವಾರ ಬಂದರೆ ಹುಡುಗರಿಗೆ ಘಾಟ್ ಹತ್ತುವ ಉತ್ಸಾಹ. ಸಿಂಹಗಡ, ದಿವೆ ಘಾಟ್, ಲೋಣಾವಳ. ಒಳ್ಳೆಯದೇ. ಎಕ್ಸ್‌ಪ್ರೆಸ್‌ವೇಯಲ್ಲಿ ಸೈಕಲ್ಲಿಗೆ ಪ್ರವೇಶ ಇಲ್ಲ, ಹಳೇ ಮುಂಬೈ ಹೆದ್ದಾರಿಯೇ ಗತಿ. ಹೆಸರಾದ ಮುಂಬೈ-ಪುಣೆ ಸೈಕಲ್ ರೇಸ್ ಬೋರ್ ಘಾಟ್ ಹತ್ತಿ ಬರುತ್ತಿತ್ತು, ಘಾಟನ್ನು ಮೊದಲು ಹತ್ತಿದವನಿಗೆ "ಘಾಟಾಚಾ ರಾಜಾ" ಅನ್ನುತ್ತಿದ್ದರು. ಹತ್ತುವುದರಲ್ಲಿ ಭಯ ಇಲ್ಲ, ಇಳಿಯುವುದರಲ್ಲಿ ಇದೆ. ತಿರುವಿಗೆ ಮೊದಲೇ ಬ್ರೇಕ್ ಮುಗಿದಿರಬೇಕು, ತಿರುವಿನ ಒಳಗೆ ಹಿಡಿದರೆ ಚಕ್ರ ಜಾರುತ್ತದೆ. ಹೊರಗಿನ ಕಾಲು ಕೆಳಗೆ, ಭಾರ ಅದರ ಮೇಲೆ, ಕಣ್ಣು ತಿರುವಿನ ಕೊನೆಗೆ. ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ಹೆದ್ದಾರಿಗೆ ಮಾತ್ರ ಸೈಕಲ್ ತರಬೇಡಿ. ಭಾರ ತುಂಬಿದ ಲಾರಿಗಳಿಗೆ ಬ್ರೇಕ್ ಹತ್ತದೆ ಅಲ್ಲಿ ಎಷ್ಟು ಅಪಘಾತ ಆಗಿವೆ ಅಂತ ಪುಣೆಯವರಿಗೆಲ್ಲ ಗೊತ್ತು. ಎಷ್ಟು ಚೆನ್ನಾಗಿ ಸೈಕಲ್ ಬಂದರೂ ಅಲ್ಲಿ ನಮ್ಮ ಕೈಯಲ್ಲಿ ಏನೂ ಇಲ್ಲ. ಹಳೇ ಕಾತ್ರಜ್ ಘಾಟ್ ಇದೆ, ಆ ದಾರಿ ಹಿಡಿಯಿರಿ.

ಇನ್ನೊಂದು ಮಾತು, ಇದು ಹೋಟೆಲ್ ನಡೆಸುವ ನಮ್ಮವರಿಗೆ. ಉಡುಪಿ, ಕುಂದಾಪುರ ಕಡೆಯ ಎಷ್ಟೋ ಜನ ಇಲ್ಲಿ ಹೋಟೆಲ್ ಇಟ್ಟಿದ್ದೀರಿ. ನಿಮ್ಮ ಹುಡುಗರು ಬೆಳಗಿನ ಜಾವ ಹಾಲು, ತರಕಾರಿ ತರಲು ಸೈಕಲ್ ಮೇಲೆ ಹೋಗುತ್ತಾರೆ. ಗಿಯರ್ ಸೈಕಲ್ ಹುಡುಗರಿಗೆ ಲೈಟ್, ಹೆಲ್ಮೆಟ್ ಎಲ್ಲ ಇರುತ್ತದೆ. ಈ ಹುಡುಗರಿಗೆ ಏನೂ ಇಲ್ಲ. ಕಪ್ಪು ಸೈಕಲ್, ಕಪ್ಪು ಸ್ವೆಟರ್, ಕತ್ತಲೆ. ಹಿಂದೆ ಮಿನುಗುವ ಒಂದು ಕೆಂಪು ಲೈಟ್ ಹಾಕಿಸಿ ಕೊಡಿ, ದೊಡ್ಡ ಖರ್ಚೇನಲ್ಲ. ಅದೂ ಬೇಡವೆಂದರೆ ಮಡ್‌ಗಾರ್ಡಿಗೂ ಪೆಡಲ್‌ಗಳಿಗೂ ರೇಡಿಯಂ ಸ್ಟಿಕ್ಕರ್ ಹಚ್ಚಿಸಿ. ಪೆಡಲ್ ಮೇಲಿನ ರೇಡಿಯಂ ಮೇಲೆ ಕೆಳಗೆ ಆಡುತ್ತಿದ್ದರೆ ದೂರದಿಂದಲೇ ಇದು ಸೈಕಲ್ ಅಂತ ಡ್ರೈವರಿಗೆ ತಿಳಿಯುತ್ತದೆ. ಹಾಲು ತರುವ ಹುಡುಗನೂ ಯಾರದೋ ತಾಯಿಯ ಮಗನೇ ಅಲ್ವಾ?

ಕಾರು ಇಟ್ಟುಕೊಂಡ ಓದುಗರಿಗೂ ಒಂದು ಕೋರಿಕೆ ಇದೆ. ಕಾರಿನಿಂದ ಇಳಿಯುವಾಗ ಬಲಬಾಗಿಲನ್ನು ಬಲಗೈಯಿಂದ ತೆರೆಯಬೇಡಿ, ಎಡಗೈಯಿಂದ ತೆರೆಯಿರಿ. ಎಡಗೈ ಬಲಬಾಗಿಲಿಗೆ ಹೋಗಬೇಕೆಂದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ, ಬರುವ ಸೈಕಲ್ ಕಾಣುತ್ತದೆ. ಹಿಂದೆ ಎಡಗಡೆ ಕೂತವರು ಬಲಗೈ ಬಳಸಬೇಕು. ಟ್ರಾಫಿಕ್ ನಡುವೆ ಕಾರು ನಿಲ್ಲಿಸಿ ಎಡಗಡೆ ಮಕ್ಕಳನ್ನು ಇಳಿಸುವಾಗಲೂ ಹಾಗೆಯೇ. ಹೀಗೆ ಆಚೆ ಕೈಯಿಂದ ಬಾಗಿಲು ತೆರೆಯುವುದನ್ನೂ ಬ್ರಿಟನ್ನಿನ ಅದೇ ಪುಸ್ತಕದಲ್ಲಿ ಸೇರಿಸಿದ್ದಾರೆ. ಒಂದು ರೂಪಾಯಿ ಖರ್ಚಿಲ್ಲ, ಯಾವ ಕಾಯಿದೆಗೂ ಕಾಯಬೇಕಿಲ್ಲ. ನೀವು ಇದನ್ನು ಚಿತ್ರದ ಸಮೇತ ಪತ್ರಿಕೆಯ ಒಂದು ಮೂಲೆಯಲ್ಲಿ ಹಾಕಿದರೆ ನನಗೆ ಬಹಳ ಸಂತೋಷ. ಅಂದು ಆ ಕಾರಿನಲ್ಲಿದ್ದವರು ಕೆಟ್ಟವರಲ್ಲ. ಇಳಿದು ಬಂದು ನನ್ನನ್ನು ಎತ್ತಿ ಕೂರಿಸಿ ನೀರು ಕೊಟ್ಟರು, ಅವರ ಕೈ ನನ್ನದಕ್ಕಿಂತ ಜಾಸ್ತಿ ನಡುಗುತ್ತಿತ್ತು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ತಾಯಿಗೆ ಒಂದು ಮಾತು. ಅಕ್ಕಾ, ಮಗನಿಗೆ ಸೈಕಲ್ ಕೊಡಿಸಿ. ನನ್ನ ವಿಳಾಸ ಪತ್ರಿಕೆಯವರ ಹತ್ತಿರ ಇದೆ, ಕೇಳಿ ತೆಗೆದುಕೊಳ್ಳಿ. ಯಾವ ಭಾನುವಾರವಾದರೂ ಸರಿ, ಬೆಳಗ್ಗೆ 6 ಗಂಟೆಗೆ ಸಾರಸಬಾಗ್ ಗಣಪತಿ ಗುಡಿ ಎದುರು ಅವನನ್ನು ಕರೆದುಕೊಂಡು ನೀವೂ ಬನ್ನಿ. ಮೊದಲ ದಿನ ಎಲ್ಲಿಗೂ ಹೋಗುವುದಿಲ್ಲ, ಬರೀ ಬ್ರೇಕ್ ಹಿಡಿಯುವುದು, ಹಿಂದೆ ತಿರುಗಿ ನೋಡುವುದು. ಎರಡನೇ ವಾರ ಅವನ ಕಾಲೇಜಿನ ದಾರಿಯಲ್ಲಿ ನಾನು ಹಿಂದೆ, ಅವನು ಮುಂದೆ. ಎಲ್ಲಿ ಎಷ್ಟು ಜಾಗ ಬಿಡಬೇಕು ಅಂತ ಹಿಂದಿನಿಂದ ಹೇಳುತ್ತಾ ಬರುತ್ತೇನೆ.

ಇಂತಿ,
ನಿಮ್ಮ ಓದುಗ
ಸಹಕಾರನಗರ, ಪುಣೆ